ತೀರ್ಥಹಳ್ಳಿ ಕಡೆ ಸ್ಲಿಪ್ಪರ್ ಆರ್ಕಿಡ್ ನೆಲದಲ್ಲಿ ಬರುತ್ತದಾ? ಬೀಜದಿಂದ ಗಿಡ ಮಾಡಬಹುದಾ?

ತುಂಗೆ ದಡದವಳು:
ನಮಸ್ಕಾರ ಎಲ್ಲರಿಗೂ. ನಮ್ಮದು ಅಡಿಕೆ ತೋಟ, ಮನೆ ಹಿಂದೆ ಹೂವಿಗೆ ಅಂತ ಸ್ವಲ್ಪ ಜಾಗ ಇಟ್ಟುಕೊಂಡಿದ್ದೇನೆ. ಸೀತಾಳೆ ದಂಡೆ (ನಮ್ಮ ಕಾಡಿನ ಆರ್ಕಿಡ್) ಮರದ ಮೇಲೆ ತಾನಾಗೇ ಇದೆ, ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಈಗ ಆಸೆ ಹುಟ್ಟಿರುವುದು ಚಪ್ಪಲಿ ಆಕಾರದ ಹೂ ಬಿಡುವ ಸ್ಲಿಪ್ಪರ್ ಆರ್ಕಿಡ್ ಮೇಲೆ. ಯೂಟ್ಯೂಬ್‌ನಲ್ಲಿ ಜರ್ಮನಿಯವರು ಸಿಪ್ರಿಪೀಡಿಯಂ ಅಂತ ಒಂದನ್ನು ನೆಲದಲ್ಲೇ ನೆಟ್ಟಿರುತ್ತಾರೆ, ಮೇಲೆ ಹಿಮ ಬಿದ್ದರೂ ಅದಕ್ಕೇನೂ ಆಗುವುದಿಲ್ಲ, ಚಳಿ ಮುಗಿದ ಮೇಲೆ ಬುಡದಿಂದ ಎದ್ದು ರಾಶಿ ಹೂ ಬಿಡುತ್ತದೆ. ನಮ್ಮಲ್ಲಿ ಬರುತ್ತದಾ? ಚಳಿ ಬೇಕು ಅನ್ನುತ್ತಾರೆ, ಫ್ರಿಜ್‌ನಲ್ಲಿ ಇಟ್ಟು ತೆಗೆದರೆ ಸಾಕಾ? ಎರಡು ಬಣ್ಣ ಕೂಡಿಸಿ ನಾನೇ ಹೊಸ ಗಿಡ ಮಾಡಬೇಕು ಅಂತಲೂ ಇದೆ. ನಗಬೇಡಿ.

ಹುಲಿಕಲ್ ಘಾಟಿ:
ನಗುವಂಥದ್ದೇನಿಲ್ಲ ಅಕ್ಕಾ, ಆದರೆ ಸಿಪ್ರಿಪೀಡಿಯಂ ಬಿಟ್ಟುಬಿಡಿ. ಅದು ಎಲೆ ಒಣಗಿಸಿಕೊಂಡು ಮಣ್ಣೊಳಗೆ ಮಲಗುವ ಗಿಡ. ಸುಮಾರು ಮೂರು ತಿಂಗಳು 5 ಡಿಗ್ರಿ ಆಸುಪಾಸಿನ ಚಳಿ ಸಿಗದಿದ್ದರೆ ಸರಿಯಾಗಿ ಏಳುವುದಿಲ್ಲ, ವರ್ಷ ವರ್ಷ ಸೊರಗಿ ಹೋಗುತ್ತದೆ. ನಮ್ಮ ದೇಶದಲ್ಲಿ ಅದು ಇರುವುದು ಹಿಮಾಲಯದಲ್ಲಿ. ನಾವು ಡಿಸೆಂಬರ್‌ನಲ್ಲಿ ಎಷ್ಟು ಕಂಬಳಿ ಹೊದ್ದರೂ ಇಲ್ಲಿ ರಾತ್ರಿ ಅಷ್ಟು ಇಳಿಯುವುದಿಲ್ಲ ಅಲ್ವಾ. ಬೇರನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡುವವರು ಇದ್ದಾರೆ, ಚಳಿಯ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಆದರೆ ಹೊರಗೆ ತೆಗೆಯುವುದು ಯಾವಾಗ ಮಾರಾಯ್ರೇ? ಮಾರ್ಚ್‌ನಲ್ಲಿ ತೆಗೆದರೆ ಎಳೆ ಚಿಗುರಿಗೆ ಉರಿಬಿಸಿಲು, ಬೇರು ತಂಪಾಗಿ ಇರಬೇಕಾದ ಗಿಡ ಅದು. ಜೂನ್‌ನಲ್ಲಿ ತೆಗೆದರೆ ನಮ್ಮ ಮಳೆ.

ಅದೇ ಚಪ್ಪಲಿ ಆಕಾರದ ಹೂ ಬೇಕಾದರೆ ಪ್ಯಾಫಿಯೋಪೆಡಿಲಂ (ಚಿಕ್ಕದಾಗಿ ಪ್ಯಾಫ್) ಹಾಕಿ, ಅದೂ ಸ್ಲಿಪ್ಪರ್ ಆರ್ಕಿಡ್ಡೇ. ಅದರಲ್ಲೂ ಇನ್ಸಿಗ್ನೆ. ಅದು ಮೇಘಾಲಯದ ಖಾಸಿ ಬೆಟ್ಟದ್ದು, ಅಂದರೆ ಚಿರಾಪುಂಜಿ ಸೀಮೆಯದು, ಆಗುಂಬೆ ಮಳೆಗೆ ಹೆದರುವ ಜಾತಿಯೇ ಅಲ್ಲ. ಅಲ್ಲಿ ಸುಣ್ಣಕಲ್ಲಿನ ಬಂಡೆ ಮೇಲೆ ಬೆಳೆಯುತ್ತದೆ, ಬಿದ್ದ ನೀರು ಆಗಲೇ ಹರಿದುಹೋಗುತ್ತದೆ. ಇಲ್ಲಿ ನೆಲದಲ್ಲಿ ನೆಟ್ಟರೆ ನೀರು ಸುಳಿಯಲ್ಲಿ ನಿಂತು ಕೊಳೆಯುತ್ತದೆ, ಆದ್ದರಿಂದ ಕುಂಡವೇ ಸರಿ. ಇದ್ದಿಲು, ಒಡೆದ ಹೆಂಚಿನ ಚೂರು, ಚೆನ್ನಾಗಿ ನೆನೆಸಿ ತೊಳೆದ ಕಾಯಿಸಿಪ್ಪೆ ತುಂಡು, ಮೇಲೆ ಒಂದು ಚಿಟಿಕೆ ಕಪ್ಪೆಚಿಪ್ಪಿನ ಪುಡಿ (ಸುಟ್ಟ ಸುಣ್ಣ ಅಲ್ಲ, ಹಸಿ ಚಿಪ್ಪು ಕುಟ್ಟಿದ್ದು). ಸಿಪ್ಪೆ ಬೇಗ ಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಮಳೆಗಾಲ ಪೂರ್ತಿ ಸೂರಿನಡಿ ಇಡಿ, ಬೆಳಿಗ್ಗೆ ಹೊತ್ತು ಮಾತ್ರ ನೀರು. ಹಾಗಂತ ಪೂರ್ತಿ ಒಣಗಿಸಲೂಬಾರದು, ಡೆಂಡ್ರೋಬಿಯಂ ಆರ್ಕಿಡ್ ಥರ ನೀರು ಕೂಡಿಟ್ಟುಕೊಳ್ಳುವ ದಪ್ಪ ಕಾಂಡ ಇದಕ್ಕಿಲ್ಲ. ಮೊಗ್ಗು ಕಟ್ಟುವುದಕ್ಕೆ ನಮ್ಮ ನವೆಂಬರ್, ಡಿಸೆಂಬರ್ ಚಳಿಯೇ ಸಾಕಾಗಬಹುದು.

ಸಾಗರ ಸೀತಾಳೆ:
ಕೂಡಿಸುವ ವಿಷಯಕ್ಕೆ ಬರುತ್ತೇನೆ, ನನಗೆ ಅದೇ ಜಾಸ್ತಿ ಇಷ್ಟ. ಹೂವಿನ ನಡುವೆ ಹೊಳೆಯುವ ಒಂದು ಬಿಲ್ಲೆ ಕಾಣುತ್ತದಲ್ಲ, ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಪರಾಗದ ಉಂಡೆ. ಬೇರೆ ಆರ್ಕಿಡ್‌ಗಳಿಗೆ ಸಾಮಾನ್ಯವಾಗಿ ಕೇಸರ ಒಂದೇ, ಇದಕ್ಕೆ ಎರಡು. ಹಲ್ಲುಕಡ್ಡಿ ತಾಗಿಸಿದರೆ ಹಲಸಿನ ಮೇಣದ ಹಾಗೆ ಅಂಟಿಕೊಂಡು ಬರುತ್ತದೆ. ಇನ್ನೊಂದು ಹೂವಿನ ಚೀಲವನ್ನು (ಚಪ್ಪಲಿಯ ಹಾಗೆ ಕಾಣುವ ಎಸಳು) ಕಿತ್ತು ತೆಗೆಯಿರಿ, ಅಯ್ಯೋ ಅನ್ನಿಸಿದರೂ ಪರವಾಗಿಲ್ಲ, ಅದಿದ್ದರೆ ಒಳಗೆ ಕೈ ಹೋಗುವುದಿಲ್ಲ. ಬಿಲ್ಲೆಯ ಅಡಿಯಲ್ಲಿ ಕೆಳಮುಖವಾಗಿ ಇರುವ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ಹೆಣ್ಣು ಭಾಗ) ಪರಾಗವನ್ನು ಸವರಿ. ಹುಳ ಮಾಡುವುದೂ ಇದನ್ನೇ: ಚೀಲದೊಳಗೆ ಬಿದ್ದದ್ದು ಹಿಂದಿನ ಕಿಂಡಿಯಲ್ಲಿ ನುಸುಳಿ ಹೊರಗೆ ಬರಬೇಕು, ದಾರಿಯಲ್ಲಿ ಮೊದಲು ಶಲಾಕಾಗ್ರ, ಆಮೇಲೆ ಪರಾಗ.

ಹೂವಿನ ಹಿಂದಿನ ತೊಟ್ಟು ಊದಿಕೊಂಡರೆ ಕಾಯಿ ಕಟ್ಟಿತು ಅಂತ. ಬಲಿಯಲು ತಿಂಗಳುಗಟ್ಟಲೆ ಬೇಕು. ಕಷ್ಟ ಶುರುವಾಗುವುದು ಆಮೇಲೆ. ಬೀಜ ಬರೀ ಧೂಳು, ಒಳಗೆ ಮೊಳಕೆಗೆ ಆಹಾರವೇ ಇಲ್ಲ, ಕಾಡಿನಲ್ಲಿ ಒಂದು ಜಾತಿ ಶಿಲೀಂಧ್ರ ಅದನ್ನು ಸಾಕುತ್ತದೆ. ಹಿಂದಿನ ಕಾಲದ ಇಂಗ್ಲೆಂಡಿನವರು ತಾಯಿಗಿಡದ ಕುಂಡದಲ್ಲೇ ಬೀಜ ಉದುರಿಸಿ ಕಾಯುತ್ತಿದ್ದರು. 1884ರ ಲೀಯಾನಂ ಅನ್ನುವ ಮಿಶ್ರತಳಿ ಆ ಕಾಲದ್ದು, ಅದರ ತಂದೆತಾಯಿ ಎರಡೂ ನಮ್ಮ ಈಶಾನ್ಯದವು, ಇನ್ಸಿಗ್ನೆ ಮತ್ತು ಸ್ಪೈಸೆರಿಯಾನಂ. 1922ರಲ್ಲಿ ಅಮೆರಿಕದ ವಿಜ್ಞಾನಿ ನಡ್ಸನ್ ಸಕ್ಕರೆ, ಲವಣ ಹಾಕಿದ ಅಗರ್ (ಒಂದು ಥರ ಜೆಲ್ಲಿ) ಮೇಲೆ ಶಿಲೀಂಧ್ರ ಇಲ್ಲದೆಯೇ ಆರ್ಕಿಡ್ ಬೀಜ ಮೊಳೆಯುತ್ತದೆ ಅಂತ ತೋರಿಸಿದ ಮೇಲೆ ದಾರಿ ಸುಲಭವಾಯಿತು. ನೀವು ಅಡುಗೆಮನೆಯಲ್ಲಿ ಮಾಡಲು ಹೋಗಬೇಡಿ, ಸುಮ್ನೆ ಬೂಸಲು ಬರುತ್ತದೆ. ಬಾಳೆ ಟಿಶ್ಯೂ ಕಲ್ಚರ್ ಮಾಡುವ ಯಾವುದಾದರೂ ಲ್ಯಾಬ್‌ನಲ್ಲಿ ಕೇಳಿ ನೋಡಿ. ಲ್ಯಾಬಿನ ಬಾಟಲಿಯಿಂದ ಹೊರಗೆ ಬಂದ ಮರಿ ಹೂ ಬಿಡಲು ಇನ್ನೂ ಕೆಲವು ವರ್ಷ ಹಿಡಿಯುತ್ತದೆ.

ಕಾಡಂಚಿನವ:
ಒಂದು ಮಾತು. ಪ್ಯಾಫ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಕಾಡಿನಿಂದ ಕಿತ್ತು ತಂದದ್ದನ್ನು ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. ಬೆಳೆಸಿ ಮಾರುವುದಕ್ಕೂ ಲೈಸೆನ್ಸ್ ಬೇಕು, ನರ್ಸರಿಯವರ ಬಳಿ ಅದನ್ನು ಕೇಳಿಯೇ ತೆಗೆದುಕೊಳ್ಳಿ. ದಕ್ಷಿಣದಲ್ಲಿ ಇರುವ ಪ್ಯಾಫ್ ಜಾತಿ ಡ್ರುರಿಯೈ ಒಂದೇ, ಕೇರಳದ ಅಗಸ್ತ್ಯಮಲೆಯಲ್ಲಿ. ಕಿತ್ತು ಕಿತ್ತು ಅದನ್ನೂ ಮುಗಿಸುತ್ತಾ ಬಂದಿದ್ದಾರೆ.

ತುಂಗೆ ದಡದವಳು:
ಸರಿ, ಇನ್ಸಿಗ್ನೆಯೇ ಆಗಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸುತ್ತೇವಲ್ಲ, ಉಳಿದದ್ದನ್ನು ಇದಕ್ಕೂ ಹೊಡೆಯಬಹುದಾ?

ಹುಲಿಕಲ್ ಘಾಟಿ:
ಬೇಡವೇ ಬೇಡ ಅಕ್ಕಾ. ಮೈಲುತುತ್ತ ಆರ್ಕಿಡ್ ಎಲೆಯನ್ನು ಸುಡಬಹುದು. ಬೋರ್ಡೋ ಹೊಡೆಯುವ ದಿನ ಕುಂಡಗಳನ್ನು ಜಗಲಿಗೆ ಎತ್ತಿಡಿ. ಎಲೆ ಬುಡ ಕಂದಾಗಿ ಮೆತ್ತಗಾಗಿ ವಾಸನೆ ಬಂದರೆ ಬೆಂಕಿಯಲ್ಲಿ ಕಾಯಿಸಿದ ಬ್ಲೇಡಿನಿಂದ ಆ ಭಾಗ ಪೂರ್ತಿ ಕೊಯ್ದು ತೆಗೆಯಿರಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಗಾಯ ಒಣಗುವ ತನಕ ನೀರು ಹಾಕಬೇಡಿ.