ಗೊತ್ತಾಗುವ ಮೊದಲು ಕುಡಿದದ್ದು, ಸೇದಿದ್ದು: ಪ್ರಸೂತಿ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಉಡುಪಿಯ ಸದಸ್ಯೆ, 27 ವರ್ಷ): ನಮಸ್ಕಾರ ಡಾಕ್ಟ್ರೇ. ಮದುವೆಯಾಗಿ ಎಂಟು ತಿಂಗಳಾಯಿತು. ಇನ್ನೆರಡು ವರ್ಷ ಮಗು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಕೊನೆಯ ಮುಟ್ಟು ಆರಂಭವಾದದ್ದು ಡಿಸೆಂಬರ್ 10ರಂದು. ಜನವರಿ 10ಕ್ಕೆ ಕುಟುಂಬದ ಮನೆಯಲ್ಲಿ ನೇಮ (ದೈವಾರಾಧನೆ) ಇದ್ದುದರಿಂದ ಅತ್ತೆಯವರ ಮಾತಿನಂತೆ 4ರಿಂದ 11ರವರೆಗೆ ಮುಟ್ಟು ಮುಂದೂಡುವ ಮಾತ್ರೆ ನುಂಗಿದೆ. ನಿಲ್ಲಿಸಿದ ಮೇಲೂ ಮುಟ್ಟು ಬರಲಿಲ್ಲ. ಮಾತ್ರೆಯ ಪ್ರಭಾವವಿರಬೇಕೆಂದು ಹತ್ತು ದಿನ ಸುಮ್ಮನಿದ್ದೆ. ನಿನ್ನೆ, 22ರಂದು, ಪರೀಕ್ಷಿಸಿದಾಗ ಎರಡು ಗೆರೆ ಮೂಡಿತು. ಈ ನಡುವೆ ಡಿಸೆಂಬರ್ 20ರಂದು ಗೆಳತಿಯ ಮೆಹೆಂದಿಯಲ್ಲಿ ಮೂರು ಪೆಗ್ ವೋಡ್ಕಾ, 31ರ ರಾತ್ರಿ ಮಲ್ಪೆಯಲ್ಲಿ ವೈನ್ ಮತ್ತು ಯಾರೋ ಕೊಟ್ಟ ಗಾಂಜಾ ಎರಡು ದಮ್ಮು, ಜನವರಿ 17ರಂದು ಎರಡು ಬಿಯರ್ ಆಗಿವೆ. ದಿನಕ್ಕೆ ಮೂರ್ನಾಲ್ಕು ಸಿಗರೇಟು ನಿನ್ನೆಯವರೆಗೂ ಇತ್ತು. ಗಂಡನ ಹೊರತು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಗುವಿಗೆ ಊನವಾಗುವುದು ಖಚಿತವೇ? ಮೆಡಿಕಲ್‌ನಿಂದ ಮಾತ್ರೆ ತಂದು ಮುಗಿಸಿಬಿಡು ಎಂದು ಗೆಳತಿ ಹೇಳುತ್ತಿದ್ದಾಳೆ.

ಉತ್ತರ (ಪ್ರಸೂತಿ ತಜ್ಞೆ, ಮಂಗಳೂರು): ಖಚಿತವಲ್ಲ. ನೀವು ದಿನಾಂಕಗಳನ್ನು ಬರೆದದ್ದರಿಂದ ನನ್ನ ಅರ್ಧ ಕೆಲಸ ಮುಗಿಯಿತು. ಹೆಚ್ಚಿನವರು ‘ಸುಮಾರು ಕುಡಿದಿದ್ದೆ’ ಎಂದು ಹೇಳಿ ಅಳುತ್ತಾ ಕೂರುತ್ತಾರೆ.

ಗರ್ಭದ ವಾರಗಳನ್ನು ನಾವು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತೇವೆ. ಹಾಗಾಗಿ ನಿನ್ನೆಗೆ ನಿಮಗೆ ಆರು ವಾರ ಒಂದು ದಿನ. ಆದರೆ ಮುಟ್ಟು 28 ದಿನಕ್ಕೊಮ್ಮೆ ಬರುವವರಲ್ಲಿ ಗರ್ಭ ನಿಲ್ಲುವುದು ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ, ಅಂದರೆ ನಿಮ್ಮ ಲೆಕ್ಕದಲ್ಲಿ ಡಿಸೆಂಬರ್ 24ರ ಹೊತ್ತಿಗೆ. ಮೆಹೆಂದಿಯ ರಾತ್ರಿ ಗರ್ಭವೇ ಇರಲಿಲ್ಲ. ಅದನ್ನು ಪಟ್ಟಿಯಿಂದ ಹೊಡೆದುಹಾಕಿ. 31ರಂದು ಭ್ರೂಣ ಇನ್ನೂ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತಿದ್ದ ಜೀವಕೋಶಗಳ ಸಣ್ಣ ಉಂಡೆಯಾಗಿತ್ತು. ಆ ಹಂತದಲ್ಲಿ ದೊಡ್ಡ ಪೆಟ್ಟು ಬಿದ್ದರೆ ಗರ್ಭ ನಿಲ್ಲುವುದೇ ಇಲ್ಲ, ಸಣ್ಣ ಪೆಟ್ಟಾದರೆ ಉಳಿದ ಕೋಶಗಳು ನಷ್ಟವನ್ನು ತುಂಬಿಕೊಳ್ಳುತ್ತವೆ. ನಿಮ್ಮದು ನಿಂತಿದೆ ಎಂಬುದನ್ನೇ ಆ ರಾತ್ರಿಯ ಮಟ್ಟಿಗೆ ಒಳ್ಳೆಯ ಸೂಚನೆಯೆಂದು ತೆಗೆದುಕೊಳ್ಳಿ.

ಜನವರಿ 17ರ ವಿಷಯವನ್ನು ಹಾಗೆ ಹೊಡೆದುಹಾಕಲಾರೆ. ಅದು ಗರ್ಭ ನಿಂತ ಸುಮಾರು 24ನೆಯ ದಿನ. ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವ, ಹೃದಯ ರೂಪುಗೊಳ್ಳುವ ಕಾಲ. ಗರ್ಭಿಣಿಗೆ ಇಷ್ಟು ಮದ್ಯ ಸುರಕ್ಷಿತ ಎನ್ನುವ ಪ್ರಮಾಣ ಯಾವುದೂ ಇಲ್ಲ. ಆದರೂ ಮದ್ಯದಿಂದ ಮಗುವಿಗಾಗುವ ಹಾನಿಯನ್ನು ನಾವು ಮುಖ್ಯವಾಗಿ ಕಾಣುವುದು ವಾರಗಟ್ಟಲೆ ಕುಡಿದವರಲ್ಲಿ ಅಥವಾ ಮತ್ತೆ ಮತ್ತೆ ಒಂದೇ ಕೂರುವಿಕೆಯಲ್ಲಿ ಅತಿಯಾಗಿ ಕುಡಿದವರಲ್ಲಿ. ಒಮ್ಮೆ ಕುಡಿದ ಎರಡು ಬಿಯರ್‌ನ ಅಪಾಯವನ್ನು ಸೊನ್ನೆ ಎನ್ನಲಾರೆ, ಬಹಳ ಕಡಿಮೆ ಎನ್ನಬಲ್ಲೆ. ಏನನ್ನೂ ಮುಟ್ಟದ ತಾಯಂದಿರ ಮಕ್ಕಳಲ್ಲಿಯೂ ನೂರಕ್ಕೆ ಎರಡು ಮೂರು ಮಕ್ಕಳು ಯಾವುದಾದರೊಂದು ಜನ್ಮಜಾತ ದೋಷದೊಂದಿಗೆ ಹುಟ್ಟುತ್ತಾರೆ. ಹೋಲಿಸುವುದಾದರೆ ಅದರೊಂದಿಗೆ ಹೋಲಿಸಬೇಕೇ ಹೊರತು ಪೂರ್ಣ ನಿರ್ದೋಷದೊಂದಿಗಲ್ಲ.

ನಿಮ್ಮ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು, ನೀವು ಕೊನೆಯಲ್ಲಿ ಮೆಲ್ಲಗೆ ಹೇಳಿದ ಸಿಗರೇಟು, ಏಕೆಂದರೆ ಅದು ಮುಗಿದ ಸಂಗತಿಯಲ್ಲ. ಹೊಗೆ ಗರ್ಭಪಾತದ, ಅವಧಿಗೆ ಮುಂಚಿನ ಹೆರಿಗೆಯ, ಕಡಿಮೆ ತೂಕದ ಮಗುವಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಮೊದಲ ಮೂರು ತಿಂಗಳೊಳಗೆ ಪೂರ್ತಿ ಬಿಟ್ಟವರ ಮಕ್ಕಳ ತೂಕ ಮಾತ್ರ ಸೇದದವರ ಮಕ್ಕಳ ತೂಕಕ್ಕೆ ಹತ್ತಿರವೇ ಇರುತ್ತದೆ. ನಾಲ್ಕರಿಂದ ಒಂದಕ್ಕೆ ಇಳಿಸುವ ರಾಜಿ ಬೇಡ, ಪೂರ್ತಿ ಬಿಡಿ. ಕಷ್ಟವಾದರೆ 1800-11-2356 ಎಂಬ ತಂಬಾಕು ತ್ಯಜಿಸುವವರ ಉಚಿತ ಸಹಾಯವಾಣಿ ಇದೆ. ಗಾಂಜಾ ಮತ್ತೆ ಬೇಡ. ನೇಮದ ಮಾತ್ರೆಯ ಬಗ್ಗೆ, ಆ ಕೆಲವು ದಿನಗಳಿಗಾಗಿ ಗರ್ಭ ತೆಗೆಸಬೇಕಾದ ಕಾರಣವಿಲ್ಲ. ಹೆಸರು ಮತ್ತು ಪ್ರಮಾಣವನ್ನು ವೈದ್ಯರಿಗೆ ತಿಳಿಸಿದರೆ ಸಾಕು. (ನಮ್ಮೂರಲ್ಲಿ ನೇಮ, ಮದುವೆ, ಗೃಹಪ್ರವೇಶಗಳ ಕಾಲದಲ್ಲಿ ಈ ಮಾತ್ರೆಯಿಂದಾಗಿ ಗರ್ಭ ತಡವಾಗಿ ತಿಳಿಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ನುಂಗುವ ಮೊದಲು ಅನುಮಾನವಿದ್ದರೆ ಪರೀಕ್ಷೆ ಮಾಡಿಕೊಳ್ಳಬೇಕು.) ಫೋಲಿಕ್ ಆಮ್ಲದ ಮಾತ್ರೆಯನ್ನು ಇಂದೇ ಆರಂಭಿಸಿ, ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಸಕ್ಕರೆ ಕಾಯಿಲೆ ಅಥವಾ ಅಪಸ್ಮಾರ ಇರುವವರಿಗೆ ಪ್ರಮಾಣ ಬೇರೆ.

ಇನ್ನು ಗೆಳತಿಯ ಸಲಹೆ. ಮಗು ಈಗ ಬೇಕೋ ಬೇಡವೋ ಎಂಬುದು ನಿಮ್ಮ ನಿರ್ಧಾರ. ಆದರೆ ಎರಡು ಬಿಯರ್‌ನ ಭಯವನ್ನು ಅದಕ್ಕೆ ಕಾರಣವಾಗಿಸಬೇಡಿ. ಬೇಡವೆಂದಾದರೆ, ಒಂಬತ್ತು ವಾರದೊಳಗೆ, ಅಂದರೆ ಫೆಬ್ರವರಿ 11ರೊಳಗೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರೆಯಿಂದ ಸಾಧ್ಯವಿದೆ. ಅಂಗಡಿಯಿಂದ ತಂದು ನುಂಗುವುದು ಅಪಾಯಕರ, ಏಕೆಂದರೆ ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಒಳಗೆ ರಕ್ತಸ್ರಾವವಾದರೆ ಪ್ರಾಣಕ್ಕೇ ಕುತ್ತು. ಗರ್ಭಪಾತಕ್ಕೆ ಸಂಬಂಧಿಸಿದ 1971ರ ಕಾಯಿದೆ ಮತ್ತು ಅದರ 2021ರ ತಿದ್ದುಪಡಿಯಂತೆ ಇಪ್ಪತ್ತು ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಬೇಕು. ಗಂಡನ ಸಹಿ ಕಾನೂನಿನಲ್ಲಿ ಇಲ್ಲ.

ಸದಸ್ಯೆ (ಮಂಗಳೂರು): ನನಗೆ ಮೊದಲ ಬಾರಿ ಹೀಗೇ ಆದಾಗ ಒಂದು ಕ್ಲಿನಿಕ್‌ನಲ್ಲಿ ಸತ್ಯ ಹೇಳಿ ಎಲ್ಲರೆದುರು ಬೈಗುಳ ತಿಂದೆ. ಎರಡನೆಯ ಬಾರಿ ‘ಏನೂ ಇಲ್ಲ’ ಎಂದುಬಿಟ್ಟೆ.

ಉತ್ತರ: ತಪ್ಪು ಬೈದವರದ್ದು. ಆದರೆ ಮುಚ್ಚಿಟ್ಟದ್ದರಿಂದ ನಷ್ಟ ನಿಮಗೆ, ಏಕೆಂದರೆ ಮಗುವಿನ ಬೆಳವಣಿಗೆಯನ್ನು ಎಷ್ಟು ಬಾರಿ ಅಳೆಯಬೇಕೆಂಬುದು ನಿಮ್ಮ ಉತ್ತರದ ಮೇಲೆ ನಿಲ್ಲುತ್ತದೆ. ಅಂಥ ಕಡೆ ಬಿಟ್ಟು ಬೇರೆ ವೈದ್ಯರನ್ನು ನೋಡಿ. ಸರಕಾರಿ ಆಸ್ಪತ್ರೆಯೇ ಬೇಕಾದರೆ ಮಂಗಳೂರಿನಲ್ಲಿ ಲೇಡಿ ಗೋಶನ್ ಇದೆ.

ಪ್ರಶ್ನೆ (ಬಂಟ್ವಾಳ ಕಡೆಯವರು): ನಮ್ಮ ಅತ್ತಿಗೆಗೆ ಮೂರು ತಿಂಗಳು. ಬೀಡಿ ಕಟ್ಟುತ್ತಾರೆ, ಎಲೆಯಡಿಕೆಗೆ ಹೊಗೆಸೊಪ್ಪು ಹಾಕುತ್ತಾರೆ. ಸೇದುವುದಿಲ್ಲವಲ್ಲ, ಏನಾಗದು ಎನ್ನುತ್ತಾರೆ.

ಉತ್ತರ: ಜಗಿದ ಹೊಗೆಸೊಪ್ಪಿನ ನಿಕೋಟಿನ್ ಕೂಡ ರಕ್ತಕ್ಕೇ ಹೋಗುತ್ತದೆ, ಅಡಿಕೆಯೂ ಗರ್ಭಿಣಿಗೆ ಒಳ್ಳೆಯದಲ್ಲ. ಎರಡನ್ನೂ ಬಿಡಿಸಿ. ಬೀಡಿಯ ಕೆಲಸ ಬಿಡಿ ಎಂದು ಮನೆ ನಡೆಸುವವರಿಗೆ ಹೇಳುವುದು ನನಗೆ ಸುಲಭ. ಆಗದಿದ್ದರೆ ಗಾಳಿಯಾಡುವ ಜಗಲಿಯಲ್ಲಿ ಕೂತು ಕಟ್ಟಲಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಊಟಕ್ಕೆ ಮೊದಲು ಮೊಳಕೈವರೆಗೆ ಸೋಪಿನಲ್ಲಿ ತೊಳೆಯಲಿ, ಸೊಪ್ಪಿನ ಗೆರಸೆ ಮಲಗುವ ಕೋಣೆಯಲ್ಲಿರದಿರಲಿ. ಇದನ್ನು ಓದುತ್ತಿರುವವರಲ್ಲಿ ಪ್ರತಿದಿನ ಕುಡಿಯುವವರು ಅಥವಾ ನಿದ್ರೆಮಾತ್ರೆಗೆ ಒಗ್ಗಿದವರು ಇದ್ದರೆ, ಅವನ್ನು ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರ ನೆರವಿನಲ್ಲಿ ಬಿಡಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ಮೊದಲ ಪ್ರಶ್ನೆಯ ಸದಸ್ಯೆ: ಧನ್ಯವಾದ ಡಾಕ್ಟ್ರೇ, ಸ್ಕ್ಯಾನಿಂಗ್ 28ಕ್ಕೆ ನಿಗದಿಯಾಗಿದೆ. ಇಟ್ಟುಕೊಳ್ಳುವ ಮನಸ್ಸಿದೆ. ತಾಯಿ ಕಾರ್ಡ್‌ನಲ್ಲಿ ಸಿಗರೇಟಿನ ವಿಷಯ ಬರೆಯುತ್ತಾರೆಯೇ? ಅತ್ತೆ ಓದುತ್ತಾರೆ.

ಉತ್ತರ: 28ಕ್ಕೆ ಏಳು ವಾರ ತುಂಬುತ್ತದೆ, ಹೃದಯ ಬಡಿತ ಕಾಣಬೇಕಾದ ಸಮಯವೇ. ಆದರೆ ಆ ಸ್ಕ್ಯಾನಿಂಗ್ ದಿನಾಂಕವನ್ನು ಖಚಿತಪಡಿಸುತ್ತದೆ, ಅಂಗಾಂಗ ನೋಡಲು 18ರಿಂದ 20 ವಾರದ ಸ್ಕ್ಯಾನಿಂಗ್‌ಗೆ ಕಾಯಬೇಕು. ಅತ್ತೆ ಜೊತೆಗೆ ಬಂದರೆ, ವೈದ್ಯರೊಂದಿಗೆ ಐದು ನಿಮಿಷ ಒಬ್ಬಳೇ ಮಾತಾಡಬೇಕೆಂದು ಒಳಗೆ ಹೋಗುವಾಗಲೇ ನರ್ಸ್‌ಗೆ ಹೇಳಿ. ಮನೆಗೆ ಬರುವ ಕಾರ್ಡ್‌ನಲ್ಲಿ ಬರೆಯದೆ ಆಸ್ಪತ್ರೆಯ ಕಡತದಲ್ಲಿ ಮಾತ್ರ ದಾಖಲಿಸುವಂತೆ ಕೇಳಿಕೊಳ್ಳಿ. ನನ್ನನ್ನು ಕೇಳಿದವರಿಗೆ ನಾನು ಹಾಗೆಯೇ ಮಾಡುತ್ತೇನೆ.