ಪದಚರ್ಚೆ: ‘ಕನೆಕ್ಟಿಂಗ್ ಫ್ಲೈಟ್’, ‘ಟ್ರಾನ್ಸಿಟ್’, ‘ಸೆಕ್ಯೂರಿಟಿ’ – ಅತ್ತೆಯ ಚೀಟಿಗೆ ಯಾವ ಕನ್ನಡ?

ಬಳಗದ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳು ನಮ್ಮತ್ತೆ ಮಗಳ ಬಾಣಂತನಕ್ಕೆಂದು ಒಬ್ಬರೇ ಬೆಂಗಳೂರಿನಿಂದ ಇಂಡಿಯಾನಾಪೊಲಿಸ್‌ಗೆ ಹೊರಟಿದ್ದಾರೆ. ಫ್ರಾಂಕ್‌ಫರ್ಟಿನಲ್ಲಿ ಒಂದು ಸಲ, ಶಿಕಾಗೋದಲ್ಲಿ ಇನ್ನೊಂದು ಸಲ ವಿಮಾನ ಬದಲಾಗುತ್ತದೆ. ಅತ್ತೆ ಕನ್ನಡವನ್ನು ಸರಾಗ ಓದುತ್ತಾರೆ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾರೆ. ದಾರಿಯುದ್ದಕ್ಕೂ ಕೈಯಲ್ಲಿಟ್ಟುಕೊಳ್ಳಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡು ಎಂದರು. ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಂತಿತು. ಬಲ್ಲವರು ಸಹಾಯ ಮಾಡಬೇಕು.

ಮೊದಲನೆಯದು ‘ಕನೆಕ್ಟಿಂಗ್ ಫ್ಲೈಟ್’. ಪತ್ರಿಕೆಗಳಲ್ಲಿ ‘ಸಂಪರ್ಕ ವಿಮಾನ’ ಎಂದು ಓದಿದ್ದೇನೆ. ಅದನ್ನೇ ಬರೆದು ತೋರಿಸಿದೆ. “ಯಾರನ್ನ ಸಂಪರ್ಕ ಮಾಡ್ಬೇಕೇ ಅಲ್ಲಿ?” ಎಂದು ಅತ್ತೆ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಬಳಕೆಯಲ್ಲಿ ಸಂಪರ್ಕ ಎಂದರೆ ಒಂದೋ ಕಚೇರಿಯನ್ನು ಸಂಪರ್ಕಿಸುವುದು, ಇಲ್ಲವೇ ಮಳೆಗಾಲದಲ್ಲಿ ಕಡಿದುಹೋಗುವ ರಸ್ತೆ ಸಂಪರ್ಕ. ಹಾಗಾದರೆ ‘ಬದಲಿ ವಿಮಾನ’ ಎನ್ನೋಣವೇ ಎಂದರೆ ಅದು ಇನ್ನೂ ದಾರಿ ತಪ್ಪಿಸುತ್ತದೆ. ಕೆಟ್ಟು ನಿಂತ ಬಸ್ಸಿಗೆ ಬದಲಿ ಬಸ್ಸು, ರಜೆ ಹಾಕಿದ ಮೇಷ್ಟ್ರಿಗೆ ಬದಲಿ ಮೇಷ್ಟ್ರು. ‘ಬದಲಿ ವಿಮಾನ’ ಎಂದು ಓದಿದವರು ಮೊದಲಿನದು ರದ್ದಾಗಿದೆ ಎಂದೇ ತಿಳಿಯುತ್ತಾರೆ.

ಕೊನೆಗೆ ದಾರಿ ತೋರಿಸಿದ್ದು ಅತ್ತೆಯೇ. ಅವರು ಸಾಗರದವರು, ಅವರ ತವರು ಹುಬ್ಬಳ್ಳಿ ಕಡೆ. ತಾಳಗುಪ್ಪದ ಗಾಡಿಯಲ್ಲಿ ಬೀರೂರಿಗೆ ಬಂದು, ಅಲ್ಲಿಳಿದು, ಬೆಂಗಳೂರಿನಿಂದ ಬರುವ ಹುಬ್ಬಳ್ಳಿ ಗಾಡಿ ಹತ್ತಿ ಅವರು ಎಷ್ಟೋ ವರ್ಷ ಓಡಾಡಿದ್ದಾರೆ. “ಅಂದ್ರೆ ಬೀರೂರಲ್ಲಿ ಇಳಿದು ಹತ್ತಿದ ಹಾಗೆ ಅನ್ನು” ಎಂದರು. ನಾನು ಹುಡುಕುತ್ತಿದ್ದ ಮಾತು ಅದರಲ್ಲೇ ಇತ್ತು. ನಾಮಪದವನ್ನು ಬಿಟ್ಟು ಕ್ರಿಯಾಪದಕ್ಕೆ ಬಂದರೆ ಕನ್ನಡ ತಡವರಿಸುವುದಿಲ್ಲ: ‘ಫ್ರಾಂಕ್‌ಫರ್ಟಿನಲ್ಲಿ ಇಳಿದು ಹತ್ತಬೇಕು.’

ಆದರೂ ನಾಮಪದ ಬೇಕಾಗುತ್ತದೆ. ಹಾಳೆಯ ತಲೆಬರಹಕ್ಕೆ ಬೇಕು, ‘ಆ ವಿಮಾನ ತಪ್ಪಿಹೋಯಿತು’ ಎಂದು ಹೇಳಲು ಬೇಕು. ಜರ್ಮನರಿಗೆ ಇಲ್ಲೊಂದು ಅನುಕೂಲವಿದೆ. ಅವರಲ್ಲಿ ‘ಐನ್‌ಶ್ಟೈಗನ್’ ಎಂದರೆ ಹತ್ತುವುದು, ‘ಆಉಸ್‌ಶ್ಟೈಗನ್’ ಎಂದರೆ ಇಳಿಯುವುದು, ‘ಉಮ್‌ಶ್ಟೈಗನ್’ ಎಂದರೆ ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತುವುದು. ಮೂರಕ್ಕೂ ಬೇರು ಒಂದೇ. ರೈಲಿಗೂ ಟ್ರ್ಯಾಮಿಗೂ ವಿಮಾನಕ್ಕೂ ಅದೇ ಮಾತು. ನಮ್ಮಲ್ಲಿ ‘ಮಾರ್ಪಡು’, ‘ಮಾರುವೇಷ’ಗಳಲ್ಲಿ ಬದಲಾವಣೆಯ ಅರ್ಥದ ‘ಮಾರ್’ ಉಳಿದಿದೆಯಲ್ಲ, ಅದರಿಂದ ‘ಮಾರೇರು’ ಎಂದು ಕಟ್ಟಬಹುದೇ? ತಮಿಳರು ರೈಲು ಬದಲಿಸುವುದಕ್ಕೆ ಇಂದಿಗೂ ‘ಮಾರು’ ಎಂದೇ ಹೇಳುತ್ತಾರೆ. ನಮ್ಮಲ್ಲಿ ‘ಮಾರು’ ಎಂದೊಡನೆ ಮಾರಾಟ ನೆನಪಾಗುತ್ತದೆ ಎಂಬ ಅಳುಕು ನನಗಿದೆ. ‘ಕೂಡುರಸ್ತೆ’ಯ ಮಾದರಿಯಲ್ಲಿ ‘ಕೂಡುವಿಮಾನ’ ಎನ್ನಬಹುದು, ಕೇಳಲು ಹಿತವಾಗಿದೆ. ಆದರೆ ಎರಡು ರಸ್ತೆಗಳು ನಿಜವಾಗಿ ಕೂಡುತ್ತವೆ, ಎರಡು ವಿಮಾನಗಳು ಕೂಡುವುದಿಲ್ಲ. ಸದ್ಯಕ್ಕೆ ‘ಮುಂದಿನ ವಿಮಾನ’ ಎಂದು ಬರೆದಿಟ್ಟಿದ್ದೇನೆ. ಅದರಲ್ಲೂ ತೊಡಕಿದೆ. ಕೌಂಟರಿನಲ್ಲಿ ‘ಮುಂದಿನ ವಿಮಾನಕ್ಕೆ ಹಾಕಿಕೊಡುತ್ತೇವೆ’ ಎಂದರೆ ನಿಮ್ಮದು ತಪ್ಪಿದೆ, ಆಮೇಲಿನದಕ್ಕೆ ಕಳಿಸುತ್ತೇವೆ ಎಂದರ್ಥ.

ಇನ್ನು ಟ್ರಾನ್ಸಿಟ್. ‘ದೋಹಾದಲ್ಲಿ ಆರು ಗಂಟೆ ಟ್ರಾನ್ಸಿಟ್ ಇತ್ತು’ ಎಂದು ನಮ್ಮವರು ಹೇಳುವಾಗ ಅದರ ಅರ್ಥ ಕಾಯುವ ಹೊತ್ತು. ವಿಮಾನಯಾನದ ಪರಿಭಾಷೆಯಲ್ಲಿ ಹಾಗಲ್ಲ. ಬಂದ ಸಂಖ್ಯೆಯ ವಿಮಾನದಲ್ಲೇ ಮುಂದುವರಿಯುವವರು ಟ್ರಾನ್ಸಿಟ್ ಪ್ರಯಾಣಿಕರು, ಒಂದರಿಂದ ಇಳಿದು ಇನ್ನೊಂದಕ್ಕೆ ಹೋಗುವವರು ಟ್ರಾನ್ಸ್‌ಫರ್ ಪ್ರಯಾಣಿಕರು. ಫ್ರಾಂಕ್‌ಫರ್ಟಿನಲ್ಲೇ ಎರಡೂ ಬಗೆಯವರು ಸಿಗುತ್ತಾರೆ. ಸಿಂಗಪುರ ಏರ್‌ಲೈನ್ಸ್‌ನ 26ನೇ ಸಂಖ್ಯೆಯ ವಿಮಾನ ಸಿಂಗಪುರದಿಂದ ಹೊರಟು ಫ್ರಾಂಕ್‌ಫರ್ಟಿನಲ್ಲಿ ಇಳಿದು ನ್ಯೂಯಾರ್ಕಿಗೆ ಹೋಗುತ್ತದೆ. ಸಿಂಗಪುರದಿಂದ ನ್ಯೂಯಾರ್ಕಿಗೆ ಹೊರಟವರು ಅಲ್ಲಿಳಿದು ಮತ್ತೆ ಅದೇ ಸಂಖ್ಯೆಯ ವಿಮಾನಕ್ಕೆ ಹತ್ತುತ್ತಾರೆ. ಅದು ಟ್ರಾನ್ಸಿಟ್. ನಮ್ಮತ್ತೆಯದು ಟ್ರಾನ್ಸ್‌ಫರ್. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಹಾಕಿದರೆ ನಷ್ಟವಿದೆ. ಹಾಗಾಗಿ ಮೊದಲನೆಯದಕ್ಕೆ ‘ನಡುನಿಲುಗಡೆ’, ಎರಡನೆಯದಕ್ಕೆ ‘ಇಳಿದು ಹತ್ತುವುದು’ ಎನ್ನುವುದು ನನ್ನ ಸಲಹೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಗೊಂದಲವಿದೆ. ಪತ್ರಿಕೆಗಳ ‘ನೇರ ವಿಮಾನ’ ಎಲ್ಲೂ ಇಳಿಯದ್ದೋ, ನಡುವೆ ಇಳಿದರೂ ಸಂಖ್ಯೆ ಬದಲಾಗದ್ದೋ? 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾ ವಿಮಾನ ನಿಜಕ್ಕೂ ಎಲ್ಲೂ ಇಳಿದಿರಲಿಲ್ಲ. ನಮ್ಮ ಸಾರಿಗೆ ಬಸ್ಸಿನ ಫಲಕದ ಮೇಲಿರುವ ‘ತಡೆರಹಿತ’ ಅಂಥದ್ದಕ್ಕೆ ಚೆನ್ನಾಗಿ ಒಪ್ಪುತ್ತದೆ. ‘ನೇರ’ವನ್ನು ಸಂಖ್ಯೆ ಬದಲಾಗದ್ದಕ್ಕೆ ಉಳಿಸಿಕೊಳ್ಳೋಣ. ಒಂದು ದಿನಕ್ಕಿಂತ ಹೆಚ್ಚು ನಡುವೆ ಉಳಿಯುವ ‘ಸ್ಟಾಪ್‌ಓವರ್’ಗೆ ಉತ್ತರ ಕರ್ನಾಟಕದ ‘ವಸ್ತಿ’ ಸಾಕಲ್ಲವೇ? ರಾತ್ರಿ ಊರಲ್ಲಿ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಅಲ್ಲಿ ಎಲ್ಲರಿಗೂ ಗೊತ್ತು.

ನನ್ನನ್ನು ಹೆಚ್ಚು ಕಾಡಿದ್ದು ಸೆಕ್ಯೂರಿಟಿ. ನಮ್ಮ ಆಡುಮಾತಿನಲ್ಲಿ ಸೆಕ್ಯೂರಿಟಿ ಎಂದರೆ ಮನುಷ್ಯ: ‘ಗೇಟಲ್ಲಿ ಸೆಕ್ಯೂರಿಟಿ ಇದಾರೆ, ಕೇಳಿ.’ ‘ಸೆಕ್ಯೂರಿಟಿ ಮುಗಿಸಿ ಒಳಗೆ ಹೋಗಿ’ ಎಂದರೆ ಅತ್ತೆಗೆ ಹೇಗೆ ತಿಳಿಯಬೇಕು? ‘ಭದ್ರತಾ ತಪಾಸಣೆ’ ಇದೆ, ನಿಜ. ಆದರೆ ಅವರಿಗೆ ತಪಾಸಣೆ ಎಂದರೆ ಬಿಪಿ, ಶುಗರ್. ಊರಿನ ಶಾಲೆಯಲ್ಲಿ ನಡೆಯುವ ‘ಉಚಿತ ಆರೋಗ್ಯ ತಪಾಸಣೆ’ಯ ಬ್ಯಾನರಿನಲ್ಲೇ ಆ ಪದ ಅವರ ಕಣ್ಣಿಗೆ ಬಿದ್ದಿರುವುದು. ಕೊರೊನಾ ಕಾಲದ ಮೇಲಂತೂ ವಿಮಾನ ನಿಲ್ದಾಣದ ತಪಾಸಣೆ ಎಂದರೆ ಹಣೆಗೆ ಹಿಡಿಯುವ ಥರ್ಮಾಮೀಟರೇ ಅವರ ಮನಸ್ಸಿಗೆ ಬರುತ್ತದೆ. ಮೈ ತಡವಿ ನೋಡುವುದಕ್ಕೆ ‘ಅಂಗಶೋಧನೆ’ ಎಂದರೆ ಪೊಲೀಸ್ ಠಾಣೆಯ ವಾಸನೆ. ಅದನ್ನು ಓದಿದರೆ ಹೆದರಿಯೇಬಿಡುತ್ತಾರೆ. ‘ಹೆಂಗಸರೇ ಮೈಮುಟ್ಟಿ ನೋಡುತ್ತಾರೆ, ಕೈ ಅಗಲಿಸಿ ನಿಲ್ಲಿ’ ಎಂದು ಬರೆದೆ. ಅಷ್ಟು ಸಾಕಾಯಿತು.

ಫ್ರಾಂಕ್‌ಫರ್ಟಿನಲ್ಲಿ ಇದು ಇನ್ನೊಮ್ಮೆ ನಡೆಯುತ್ತದೆ. ಯೂರೋಪಿನ ಒಕ್ಕೂಟ ಕೆಲವೇ ದೇಶಗಳ ತಪಾಸಣೆಯನ್ನು ತನ್ನದಕ್ಕೆ ಸಮ ಎಂದು ಒಪ್ಪಿದೆ, ಭಾರತದಿಂದ ಬಂದವರನ್ನು ಮತ್ತೆ ನೋಡಿಯೇ ಬಿಡುತ್ತಾರೆ. ಇದನ್ನು ‘ಮರುತಪಾಸಣೆ’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ಮರುಎಣಿಕೆ, ಮರುಮೌಲ್ಯಮಾಪನ ಎಂದಾಗ ಮೊದಲಿನದರಲ್ಲಿ ಏನೋ ತಪ್ಪಾಗಿದೆ ಎಂಬ ಸುಳಿವು ಇರುತ್ತದಲ್ಲವೇ? ‘ಇನ್ನೊಂದು ತಪಾಸಣೆ, ಎಲ್ಲರಿಗೂ ಮಾಡುತ್ತಾರೆ’ ಎಂದು ತಿದ್ದಿದೆ.

ಈಗ ‘ದ್ರವ’. ಹೋದ ಸಲ ಅತ್ತೆ ಬೇರೆ ದಾರಿಯಲ್ಲಿ ಹೋಗಿದ್ದಾಗ, ನಡುವಿನ ಒಂದು ದೊಡ್ಡ ನಿಲ್ದಾಣದಲ್ಲಿ ಕೈಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ತೆಗೆಸಿದರು. ನನ್ನ ಹಾಳೆಯಲ್ಲಿ ‘100 ಮಿಲಿಗಿಂತ ಹೆಚ್ಚು ದ್ರವ ಒಯ್ಯುವಂತಿಲ್ಲ’ ಎಂದು ಸ್ಪಷ್ಟವಾಗಿಯೇ ಇತ್ತು. ಅವರು ನೀರಿನ ಬಾಟಲಿಯನ್ನು ತಾವಾಗಿಯೇ ಖಾಲಿ ಮಾಡಿದ್ದರು, ಕೊಬ್ಬರಿ ಎಣ್ಣೆ ತಂದಿರಲಿಲ್ಲ. ಮಿಡಿ ಉಪ್ಪಿನಕಾಯಿ ದ್ರವ ಎಂದು ಅವರಿಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಬೇಕು? ದ್ರವ ಎಂದು ಬರೆದವಳು ನಾನು, ತಪ್ಪು ನನ್ನದು. ಎರಡು ಕೈಯಲ್ಲಿ ಡಬ್ಬಿ ಹಿಡಿದು ಕೊಟ್ಟೆ, ಮುಚ್ಚಳ ತೆಗೆದೂ ನೋಡದೆ ತೊಟ್ಟಿಗೆ ಹಾಕಿದರು ಎಂದು ಅತ್ತೆ ಆ ದಿನ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

2006ರ ಆಗಸ್ಟಿನಲ್ಲಿ, ದ್ರವ ಸ್ಫೋಟಕ ಬಳಸಿ ವಿಮಾನಗಳನ್ನು ಉರುಳಿಸುವ ಸಂಚು ಬ್ರಿಟನ್ನಿನಲ್ಲಿ ಪತ್ತೆಯಾದ ಮೇಲೆ ಬಂದ ನಿಯಮವಿದು. ಇಂಗ್ಲಿಷಿನಲ್ಲಿ ಅದು ಲಿಕ್ವಿಡ್, ಏರೊಸಾಲ್, ಜೆಲ್ ಎಂದು ಮೂರನ್ನು ಹೇಳುತ್ತದೆ. ನಾವು ಮೂರನ್ನೂ ‘ದ್ರವ’ದೊಳಗೆ ತುಂಬಿದ್ದೇವೆ. ನಮ್ಮ ಅಡುಗೆಮನೆಯಲ್ಲಿ ತಿಳಿಸಾರಿನಿಂದ ಹಿಡಿದು ತಂಬುಳಿ, ಗೊಜ್ಜು, ಕಾಯಿರಸ, ಜೋನಿಬೆಲ್ಲ, ಲೇಹ್ಯದವರೆಗೆ ಒಂದೊಂದು ಹದಕ್ಕೂ ಒಂದೊಂದು ಹೆಸರಿದೆ. ಜೋನಿಬೆಲ್ಲವನ್ನು ಮಲೆನಾಡಿನಲ್ಲಿ ಯಾರೂ ದ್ರವ ಎನ್ನುವುದಿಲ್ಲ. ಹೆಪ್ಪುಗಟ್ಟಿದ ತುಪ್ಪವಂತೂ ಚಮಚಕ್ಕೂ ಬಗ್ಗದು. ತಪಾಸಣೆಯವರಿಗೆ ಇವೆಲ್ಲ ಒಂದೇ. ಅದಕ್ಕೆ ಈ ಸಲ ಹೀಗೆ ಬರೆದಿದ್ದೇನೆ: ‘ಸುರಿಯುವಂಥದ್ದು, ಬಳಿಯುವಂಥದ್ದು, ಹಿಂಡಿ ತೆಗೆಯುವಂಥದ್ದು, ಚಿಮ್ಮುವಂಥದ್ದು ಯಾವುದೂ ಕೈಚೀಲದಲ್ಲಿ ಬೇಡ. ಉಪ್ಪಿನಕಾಯಿ, ತುಪ್ಪ, ಬೆಲ್ಲ ಎಲ್ಲ ದೊಡ್ಡ ಪೆಟ್ಟಿಗೆಗೆ.’ 100 ಮಿಲಿ ಎನ್ನುವುದು ಡಬ್ಬಿಯ ಅಳತೆ, ಒಳಗೆ ಉಳಿದದ್ದರ ಅಳತೆಯಲ್ಲ ಎಂದೂ ಸೇರಿಸಿದೆ. 200 ಮಿಲಿ ಬಾಟಲಿಯ ತಳದಲ್ಲಿ ನಾಲ್ಕು ಹನಿ ಇದ್ದರೂ ತೆಗೆಸುತ್ತಾರೆ. ಅಮೆರಿಕಕ್ಕೆ ಹೋಗುವವರಿಗೆ 2018ರಿಂದ ಪುಡಿಗೂ ಮಿತಿಯಿದೆ. 350 ಮಿಲಿ ಡಬ್ಬಿಗಿಂತ ಹೆಚ್ಚಿನದಾದರೆ ಬಿಚ್ಚಿ ನೋಡಬಹುದು, ಬೇಡವೆನ್ನಲೂಬಹುದು. ಸಾರಿನಪುಡಿ, ಬಾಣಂತಿ ಖಾರದಪುಡಿಯೂ ಪೆಟ್ಟಿಗೆಗೇ ಹೋಯಿತು. ಜೆಲ್‌ಗೆ ಒಂದೇ ಕನ್ನಡ ಪದ ಬೇಕೆನ್ನುವವರಿಗೆ ‘ಲೇಪ’ ಹೇಗೆ? ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಉಪ್ಪಿನಕಾಯಿ ಅದರಲ್ಲೂ ತಪ್ಪಿಸಿಕೊಳ್ಳುತ್ತದೆ.

ಪೆಟ್ಟಿಗೆಯ ವಿಷಯ ಬಂತು. ‘ಚೆಕ್ ಇನ್ ಲಗೇಜ್’ಗೆ ನಾನು ‘ಒಪ್ಪಿಸುವ ಪೆಟ್ಟಿಗೆ’ ಎಂದು ಬರೆದೆ, ಅತ್ತೆಗೆ ಕೂಡಲೇ ಅರ್ಥವಾಯಿತು. ಒಪ್ಪಿಸಿದ್ದನ್ನು ಎಲ್ಲಿ ವಾಪಸು ಪಡೆಯಬೇಕು ಎಂಬ ಪ್ರಶ್ನೆ ಆ ಪದದಲ್ಲೇ ಅಡಗಿದೆ, ಅದೂ ಒಳ್ಳೆಯದೇ ಆಯಿತು. ಯಾಕೆಂದರೆ ಎರಡು ಕಡೆ ಇಳಿದು ಹತ್ತುವುದಾದರೂ ಎರಡೂ ಒಂದೇ ಬಗೆಯದ್ದಲ್ಲ. ಫ್ರಾಂಕ್‌ಫರ್ಟಿನಲ್ಲಿ ಆಳು ಮಾತ್ರ ಇಳಿದು ಹತ್ತುವುದು, ಪೆಟ್ಟಿಗೆ ತಾನೇ ಹೋಗುತ್ತದೆ. ಶಿಕಾಗೋದಲ್ಲಿ, ಅಂದರೆ ಅಮೆರಿಕದ ನೆಲ ಮುಟ್ಟಿದ ಮೊದಲ ಊರಿನಲ್ಲಿ, ಪಾಸ್‌ಪೋರ್ಟ್ ತೋರಿಸಿ, ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಿ, ಮತ್ತೊಮ್ಮೆ ತಪಾಸಣೆಗೆ ನಿಲ್ಲಬೇಕು. ಪೆಟ್ಟಿಗೆಯ ಚೀಟಿಯಲ್ಲಿ ಇಂಡಿಯಾನಾಪೊಲಿಸ್ ಎಂದೇ ಇದ್ದರೂ ಹಾಗೆಯೇ. ಹೊರದೇಶದಿಂದ ದೆಹಲಿ, ಮುಂಬೈಗೆ ಬಂದು ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರಿಗೂ ಇದೇ ಅನುಭವ ಆಗಿರುತ್ತದೆ. ಇಂಗ್ಲಿಷಿನ ಒಂದೇ ‘ಕನೆಕ್ಷನ್’ ಈ ಎರಡನ್ನೂ ಮುಚ್ಚಿಬಿಡುತ್ತದೆ. ‘ಆಳಿಳಿತ’, ‘ಗಂಟಿಳಿತ’ ಎಂಬ ಜೋಡಿಪದ ಒಂದು ರಾತ್ರಿ ಮನಸ್ಸಿಗೆ ಬಂತು. ಬೆಳಿಗ್ಗೆ ಬಿಗಿ ಎನಿಸಿತು, ಆದರೂ ನಿಮ್ಮ ಮುಂದಿಡುತ್ತಿದ್ದೇನೆ.

ಎಲ್ಲವನ್ನೂ ಕನ್ನಡ ಮಾಡಬೇಕೆಂಬುದು ನನ್ನ ವಾದವಲ್ಲ. ಫಲಕದಲ್ಲಿ ಕಾಣುವ, ಎದುರಿನವರ ಬಾಯಲ್ಲಿ ಕೇಳುವ ಮಾತುಗಳು ಇಂಗ್ಲಿಷಿನ ಸದ್ದಿನಲ್ಲೇ ಇರಬೇಕು, ಇಲ್ಲದಿದ್ದರೆ ಅಲ್ಲಿ ಗುರುತು ಹತ್ತುವುದಿಲ್ಲ. ಹಾಗೆ ಗೇಟ್, ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಉಳಿದವು. ಆದರೆ ‘ಬೋರ್ಡಿಂಗ್’ ಎಂದಾಗ ಅತ್ತೆಗೆ ನೆನಪಾದದ್ದು ಸಾಗರದ ಬಸ್ ನಿಲ್ದಾಣದ ಬಳಿಯ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಹಲಗೆ. ಅದರ ಕೆಳಗೆ ‘ವಿಮಾನ ಹತ್ತಲು ಬಿಡುವ ಚೀಟಿ’ ಎಂದು ಬರೆದೆ. ಅದರಲ್ಲಿ ಎರಡು ಹೊತ್ತು ಅಚ್ಚಾಗಿರುತ್ತವೆ, ಹತ್ತಿಸಿಕೊಳ್ಳಲು ಶುರುಮಾಡುವುದು ಮತ್ತು ಹೊರಡುವುದು. ನೋಡಬೇಕಾದದ್ದು ಮೊದಲಿನದು.

ಫ್ರಾಂಕ್‌ಫರ್ಟಿನ ಅಕ್ಷರಗಳ ಬಗ್ಗೆಯೂ ಒಂದು ಸಾಲು ಹಾಕಿದ್ದೇನೆ. ಒಂದನೇ ಟರ್ಮಿನಲ್‌ನಲ್ಲಿ ಗೇಟುಗಳು ಎ, ಬಿ, ಸಿ, ಝಡ್ ಎಂದಿವೆ. ಝಡ್ ಎಂದರೆ ಕೊನೆಯಲ್ಲಿ, ದೂರದಲ್ಲಿ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅದು ಇರುವುದು ಎ ಗೇಟುಗಳ ನೆತ್ತಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಯೂರೋಪಿನ ಒಳಗೇ ಓಡಾಡುವವರು, ಮೇಲೆ ಹೊರದೇಶಕ್ಕೆ ಹೋಗುವವರು. ‘ಝಡ್ ಎಂದರೆ ಎ ಮೇಲಿನ ಅಟ್ಟ’ ಎಂದು ಬರೆದೆ. ಅಟ್ಟ ಅತ್ತೆಗೆ ಇಷ್ಟವಾಯಿತು.

ನನ್ನ ಕೇಳಿಕೆ ಇಷ್ಟು. ‘ಕನೆಕ್ಟಿಂಗ್ ಫ್ಲೈಟ್’ಗೆ ಮಾರೇರು, ಕೂಡುವಿಮಾನ, ಮುಂದಿನ ವಿಮಾನ ಇವುಗಳಲ್ಲಿ ಯಾವುದು ಸರಿ, ಅಥವಾ ನಿಮ್ಮ ಕಡೆ ಬೇರೆ ಮಾತಿದೆಯೇ? ಕುಂದಾಪುರ, ಭಟ್ಕಳ, ಮಂಗಳೂರು ಕಡೆಯವರು ದಶಕಗಳಿಂದ ಕೊಲ್ಲಿ ದೇಶಗಳಿಗೆ ಹೋಗಿಬರುತ್ತಿದ್ದಾರೆ. ದುಬೈ, ದೋಹಾದಲ್ಲಿ ಇಳಿದು ಹತ್ತುವುದಕ್ಕೆ ಮನೆಯ ಹಿರಿಯರು ಏನೆನ್ನುತ್ತಾರೆ ಎಂದು ಅಲ್ಲಿಯವರು ದಯವಿಟ್ಟು ಬರೆಯಿರಿ. ಹಾಳೆಯ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅತ್ತೆ ಹೊರಡುವ ಮುಂಚೆ ಅದನ್ನು ತುಂಬಿಸಬೇಕು.