ಎನ್‌ಎ ಆಗಿದೆ ಅಂದರೆ ಗದ್ದೆಯಲ್ಲಿ ರೆಸಾರ್ಟ್ ಕಟ್ಟಬಹುದಾ?

ಪ್ರಶ್ನೆ (ರೈತ, ಗಂಗಾವತಿ ತಾಲೂಕು): ಮೇಡಂ, ನಮಸ್ಕಾರ. ಆನೆಗೊಂದಿ ಹತ್ತಿರ ನಮ್ಮದು ಎರಡೂವರೆ ಎಕರೆ ಗದ್ದೆ ಇದೆ. ಪಕ್ಕದವರು ತಮ್ಮ ಗದ್ದೆಯನ್ನು ಬೇರೆ ಊರಿನವರಿಗೆ ಮಾರಿದರು. ಕೊಯ್ಲು ಮುಗಿದ ವಾರಕ್ಕೇ ಟಿಪ್ಪರ್‌ಗಳಲ್ಲಿ ಮರಂ (ಗರಸು ಮಣ್ಣು) ತಂದು ಸುರಿದಿದ್ದಾರೆ. ನಮಗೆ ನೀರು ಬರುವ ಹೊಲಗಾಲುವೆ ಅರ್ಧ ಮುಚ್ಚಿಹೋಗಿದೆ. ಬದುವಿನ ಮೇಲಿದ್ದ ಎರಡು ದೊಡ್ಡ ಬಂಡೆಗಳನ್ನು ಒಡೆಯೋಕೆ ಸಾಲಾಗಿ ತೂತು ಹೊಡೆದಿದ್ದಾರೆ, ಒಂದೊಂದರಲ್ಲೂ ಹೆಬ್ಬೆರಳು ಹೋಗುತ್ತದೆ. ಎರಡು ಅಂತಸ್ತಿನ ರೆಸಾರ್ಟ್ ಬರುತ್ತದಂತೆ. ಕೇಳಿದರೆ "ಎನ್‌ಎ ಆಗಿದೆ, ಯಾರೂ ಏನೂ ಮಾಡೋಕಾಗಲ್ಲ" ಅಂತಾರೆ. ನಮ್ಮ ಬದುವಿನ ಮೇಲೆ ನಿಂತರೆ ಅಂಜನಾದ್ರಿ ಗುಡ್ಡ ಪೂರ್ತಿ ಕಾಣುತ್ತದೆ. ನಮ್ಮ ಅಜ್ಜ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರು. ಈ ನೋಟ ಉಳಿಸೋಕೆ ಕಾನೂನು ಇದೆಯಾ?

ಉತ್ತರ (ನಗರ ಯೋಜಕಿ, ಕೊಪ್ಪಳ): ಅಣ್ಣಾ, ಎನ್‌ಎ ಬೇರೆ, ಕಟ್ಟಡದ ಪರವಾನಗಿ ಬೇರೆ. ನಮ್ಮ ಕಡೆ ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ, ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬಹುದು ಅಂತ ಡಿಸಿ ಕೊಡುವ ಆದೇಶವೇ ಎನ್‌ಎ, ಅಂದರೆ ನಾನ್-ಅಗ್ರಿಕಲ್ಚರಲ್. ಅದು ಮನೆಗೋ, ವ್ಯಾಪಾರಕ್ಕೋ ಅಂತ ಅದರಲ್ಲೇ ಬರೆದಿರುತ್ತದೆ. ಷರತ್ತುಗಳೂ ಇರುತ್ತವೆ. ಮನೆಗೆ ಅಂತ ತಗೊಂಡ ಎನ್‌ಎ ಮೇಲೆ ರೆಸಾರ್ಟ್ ಕಟ್ಟುವಂತಿಲ್ಲ.

ನಿಮ್ಮ ಭಾಗಕ್ಕೆ ಇನ್ನೊಂದು ಕಾವಲೂ ಇದೆ. ಅದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆ. ತುಂಗಭದ್ರಾ ಹೊಳೆಯ ಎರಡೂ ದಂಡೆ ಸೇರಿ 29 ಹಳ್ಳಿ, 236 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬರುತ್ತದೆ. ಕೋರ್ (ಒಳಗಿನದು), ಬಫರ್ (ನಡುವಿನದು), ಪೆರಿಫೆರಲ್ (ಹೊರಗಿನದು) ಅಂತ ಮೂರು ವಲಯ ಮಾಡಿದ್ದಾರೆ. ಈ ವ್ಯಾಪ್ತಿಯಲ್ಲಿ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಕಟ್ಟಡ ಎಬ್ಬಿಸುವಂತಿಲ್ಲ. ಪಕ್ಕದ ಜಮೀನಿನ ಪಹಣಿ ತೆಗೆಸಿ, ಸರ್ವೆ ನಂಬರ್ ಹಿಡಿದು ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿ. ಅದು ಯಾವ ವಲಯ? ಅನುಮತಿ ಕೊಟ್ಟಿದ್ದೀರಾ? ಬಾಯಿಮಾತಿನಲ್ಲಿ ಬೇಡ, ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಬರವಣಿಗೆಯಲ್ಲೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಇನ್ನು ನೋಟದ ಮಾತು. ನಿಮ್ಮ ಅಜ್ಜ ಕೂತ ಜಾಗ ನನಗೆ ಅರ್ಥವಾಗುತ್ತದೆ. ಆದರೆ "ಗುಡ್ಡದ ಚಂದ ಹಾಳಾಗುತ್ತದೆ" ಅಂತ ಅಷ್ಟೇ ಬರೆದ ಅರ್ಜಿ ಟೇಬಲ್ ಮೇಲೇ ಉಳಿಯುತ್ತದೆ. ಅಂಥವನ್ನು ನಾನು ತುಂಬಾ ನೋಡಿದ್ದೇನೆ. ನಮ್ಮ ಕಾನೂನಿಗೆ ಸ್ಮಾರಕ ಗೊತ್ತು, ಕಾಡು ಗೊತ್ತು, ಕೆರೆ ಕಾಲುವೆ ಗೊತ್ತು. ಸುಮ್ನೆ ಚಂದ ಕಾಣುವ ಹೊಲ ಗೊತ್ತಿಲ್ಲ. ಹಾಗಾಗಿ ಗೊತ್ತಿರುವುದನ್ನೇ ಬರೆಯಬೇಕು. ಹೊಲಗಾಲುವೆ ಮುಚ್ಚಿದ್ದಕ್ಕೆ ನೀರಾವರಿ ಇಲಾಖೆಗೆ ಒಂದು ತಕರಾರು ಅರ್ಜಿ. ಬಂಡೆಗೆ ತೂತು ಹೊಡೆದಿದ್ದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಇನ್ನೊಂದು, ಅನುಮತಿ ಇದೆಯಾ ಅಂತ. ಎರಡರ ಪ್ರತಿಯನ್ನೂ ಪ್ರಾಧಿಕಾರಕ್ಕೆ ಕೊಡಿ. ಕಾಲುವೆ ಮತ್ತು ಬಂಡೆ ಉಳಿದರೆ ನೋಟದ ಅರ್ಧ ಉಳಿದ ಹಾಗೆ.

ಸದಸ್ಯ (ಕನಕಗಿರಿ): ಮೇಡಂ, ಗುಡ್ಡ ನೋಡಿಕೊಂಡು ಹೊಟ್ಟೆ ತುಂಬುತ್ತಾ? ಭತ್ತಕ್ಕೆ ರೇಟಿಲ್ಲ. ಮಾರುವವನನ್ನು ಯಾಕೆ ತಡೀಬೇಕು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಾರಬೇಡಿ ಅಂತ ನಾನು ಹೇಳಲ್ಲ. ಆದರೆ ಹಂಪಿಯ ಎದುರು ಹೊಳೆಯಲ್ಲಿರುವ ನಡುಗಡ್ಡೆ, ವಿರೂಪಾಪುರ ಗಡ್ಡೆ ನೆನಪಿಸಿಕೊಳ್ಳಿ. ಆ ಜಾಗವನ್ನು ರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿದ್ದು 1988ರಲ್ಲೇ. ಆದರೂ ರೆಸಾರ್ಟ್‌ಗಳು ಎದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವು ಅಕ್ರಮ ಅಂದಿತು. ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅಷ್ಟು ವರ್ಷ ಸುಮ್ಮನಿದ್ದು ಕೊನೆಗೆ ಒಡೆದರೆ ಯಾರಿಗೆ ಲಾಭ? ದುಡ್ಡು ಹಾಕಿದವರದ್ದೂ ಹೋಯಿತು, ಅಲ್ಲಿ ಕೆಲಸಕ್ಕಿದ್ದ ನಮ್ಮ ಹುಡುಗರ ಸಂಬಳವೂ ಹೋಯಿತು. ಮೊದಲ ಬುನಾದಿ ತೋಡುವ ದಿನವೇ ತಡೆದಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಇರುವ ಮನೆಯಲ್ಲೇ ಎರಡು ಕೋಣೆ ಬಂದವರಿಗೆ ಕೊಟ್ಟು, ಜೋಳದ ರೊಟ್ಟಿ ಬಡಿಸಿ ಸಂಪಾದಿಸುವುದು ಬೇರೆ. ನೀರು ನಿಲ್ಲುವ ಗದ್ದೆಗೆ ಮರಂ ತುಂಬುವುದು ಬೇರೆ. ಮೊದಲನೆಯದಕ್ಕೆ ಅನುಮತಿ ಕೇಳುವವರ ಜೊತೆ ನಾನೇ ಆಫೀಸಿಗೆ ಬರುತ್ತೇನೆ.

ಸದಸ್ಯೆ (ಕೊಪ್ಪಳ): ನಮ್ಮ ಅಕ್ಕನ ಮಗ ಇಂಗ್ಲೆಂಡ್‌ನಲ್ಲಿದ್ದಾನೆ. ಅಲ್ಲಿ ಹಳ್ಳಿಯ ಚಂದಕ್ಕೇ ಕಾನೂನಿದೆ ಅಂತಾನೆ, ಹೌದಾ?

ಉತ್ತರ: ಹೌದು ರೀ. 1949ರ ಕಾಯ್ದೆಯಿಂದ ಶುರುವಾದದ್ದು. ನಿಸರ್ಗದ ಚೆಲುವು ಎನ್ನುವ ಮಾತೇ ಆ ಕಾನೂನಿನಲ್ಲಿದೆ. ವಿಶೇಷ ನಿಸರ್ಗ ಚೆಲುವಿನ ಪ್ರದೇಶ ಎನ್ನುವ ಪಟ್ಟ ಮೊದಲು ಸಿಕ್ಕಿದ್ದು 1956ರಲ್ಲಿ, ವೇಲ್ಸ್‌ನ ಗಾವರ್ ಪ್ರದೇಶಕ್ಕೆ. 2023ರಿಂದ ಇಂಥ ಜಾಗಗಳನ್ನು ನ್ಯಾಷನಲ್ ಲ್ಯಾಂಡ್‌ಸ್ಕೇಪ್ ಅಂತ ಕರೆಯುತ್ತಾರೆ. ಅಲ್ಲಿ ದೊಡ್ಡ ಕಟ್ಟಡಕ್ಕೆ ಅರ್ಜಿ ಬಂದರೆ ಬೇಡ ಅನ್ನುವುದೇ ಮೊದಲ ಉತ್ತರ. ತೀರಾ ಅಪರೂಪದ ಕಾರಣ, ಸಾರ್ವಜನಿಕ ಹಿತ ಎರಡನ್ನೂ ತೋರಿಸಿದರೆ ಮಾತ್ರ ಒಪ್ಪುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಅಲ್ಲಿ ಜಮೀನು ರೈತರದ್ದೇ. ಕುರಿ ಮೇಯುತ್ತವೆ, ಮನೆಗಳಿವೆ, ಊರುಗಳಿವೆ. ಚಂದ ಉಳಿಸಲು ಯಾರನ್ನೂ ಎಬ್ಬಿಸಿ ಕಳಿಸಬೇಕಾಗಿಲ್ಲ.

ಸದಸ್ಯ (ಹಿರೇಬೆಣಕಲ್ ಕಡೆ): ಮೋರ್ಯರ ಗುಡ್ಡದ ಸುತ್ತ ಏನು ನಿಯಮ ಮೇಡಂ?

ಉತ್ತರ: ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಕಟ್ಟಡ ನಿಷೇಧ. ಅದರಾಚೆ 200 ಮೀಟರ್ ಅನುಮತಿ ಬೇಕು. ಒಟ್ಟು 300 ಮೀಟರ್. ಆದರೆ ಗುಡ್ಡದ ಮೇಲಿನ ಆ ಕಲ್ಲಿನ ಮನೆಗಳ, ಅಂದರೆ ಪ್ರಾಚೀನ ಸಮಾಧಿಗಳ, ಮುಂದೆ ನಿಂತರೆ ಕಣ್ಣು ಎಷ್ಟು ದೂರ ಹೋಗುತ್ತದೆ ಅಂತ ನಿಮಗೇ ಗೊತ್ತು. 300 ಮೀಟರ್ ದಾಟಿ ಕ್ವಾರಿ ಬಂದರೆ ಆ ನಿಯಮ ತಡೆಯುವುದಿಲ್ಲ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಈಗಲೇ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಯಾವ ಸರ್ವೆ ನಂಬರ್‌ಗಳಲ್ಲಿ ಕಲ್ಲು ಒಡೆಯಬಾರದು ಅಂತ ಒಂದೊಂದಾಗಿ ಬರೆಸಿ. ಯಾವುದೇ ಮಾಸ್ಟರ್ ಪ್ಲಾನ್‌ನ ಕರಡು ಹೊರಬಿದ್ದಾಗ ಆಕ್ಷೇಪಣೆಗೆ 60 ದಿನ ಇರುತ್ತದೆ. ಕಟ್ಟಡದ ಎತ್ತರಕ್ಕೆ ಮಿತಿ ಹಾಕಿಸಲು ಅದೇ ಸಮಯ. ಆಗ ಊರಿಂದ ಒಂದೂ ಕಾಗದ ಹೋಗದಿದ್ದರೆ ಬೇಡ ಅಂದವರು ಯಾರೂ ಇಲ್ಲ ಅಂತಲೇ ದಾಖಲಾಗುತ್ತದೆ.

ರೈತ (ಮತ್ತೆ): ಮೇಡಂ, ಪಹಣಿ ತೆಗೆಸಿದೆ. ಸೋಮವಾರ ಹೋಗುತ್ತೇನೆ. ಬೇರೆ ಏನಾದರೂ ಬೇಕಾ?

ಉತ್ತರ: ನಾಳೆ ಬೆಳಿಗ್ಗೆ ಬದುವಿನ ಮೇಲೆ ನಿಂತು ಫೋಟೋ ತೆಗೆಯಿರಿ, ತಾರೀಕು ಬರುವ ಹಾಗೆ. ಕಾಲುವೆ, ಬಂಡೆಯ ತೂತು, ಹಿಂದೆ ಅಂಜನಾದ್ರಿ ಮೂರೂ ಒಂದೇ ಫೋಟೋದಲ್ಲಿ ಇರಲಿ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಎನ್‌ಎ ಆದೇಶದ ಪ್ರತಿ ಕೈಗೆ ಸಿಕ್ಕ ದಿನ ನನಗೆ ಕಳಿಸಿ, ಷರತ್ತುಗಳನ್ನು ಕೂತು ಓದೋಣ.